ಹೆಸರಿನ ಹಿಂದೆ ಮನೆಯ ವಿಳಾಸ

ದೂರವಾಣಿ ಡೈರೆಕ್ಟರಿ ಮನೆಮನೆಗೆ ಬರುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ಅದರಲ್ಲಿ ನಮ್ಮ ಬೀದಿಯ ಗಂಡಸರೆಲ್ಲ ಇರುತ್ತಿದ್ದರು, ಹೆಂಗಸರ ಹೆಸರು ಅಪರೂಪ. ಒಂಟಿಯಾಗಿದ್ದ ಅಧ್ಯಾಪಕಿಯರು ಕೂಡ ಅಣ್ಣನದೋ ತಂದೆಯದೋ ಹೆಸರು ಕೊಡುತ್ತಿದ್ದರು. ಇಂಟರ್‌ನೆಟ್ಟಿಗೂ ಅಂಥದೊಂದು ಡೈರೆಕ್ಟರಿ ಇತ್ತು. ಅದನ್ನು ಬೆಳೆಸಿದವರು ಮಾತ್ರ ಒಬ್ಬ ಹೆಣ್ಣುಮಗಳು!

ಎಲಿಜಬೆತ್ ಫೈನ್ಲರ್ ಓದಿದ್ದು ರಸಾಯನಶಾಸ್ತ್ರ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು 1972ರಲ್ಲಿ ಅರ್ಪಾನೆಟ್ ಜಾಲದ ಮಾಹಿತಿ ಕೆಲಸಕ್ಕೆ ಬಂದರು. ಜಾಲ ಬಳಸುವವರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಅವರ ತಂಡ ಪುಸ್ತಕವಾಗಿ ಅಚ್ಚು ಹಾಕಿಸುತ್ತಿತ್ತು. ಕಂಪ್ಯೂಟರಿನಲ್ಲೇ ಕೇಳಿ ತಿಳಿಯುವಂತಾದಾಗ ಅದು ‘ಹೂ ಈಸ್’ ಆಯಿತು. ಅದರ ನಿಯಮಾವಳಿ ಪ್ರಕಟವಾದದ್ದು 1982ರಲ್ಲಿ. ಒಂದು ಕಡೆಯ ಯಂತ್ರ ಕೆಟ್ಟರೆ ಇನ್ನೊಂದು ಕಡೆಯವರು ಫೋನು ಮಾಡಿ ಹೇಳಬೇಕಲ್ಲ! ಬಹುಮಟ್ಟಿಗೆ ಎಲ್ಲರೂ ಸಂಶೋಧಕರು, ಸೇನೆಯವರು. ಕೊಡುತ್ತಿದ್ದುದು ಕಚೇರಿಯ ವಿಳಾಸ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಹತ್ತು ಹದಿನೈದು ವರ್ಷಗಳಲ್ಲಿ ಸಾಮಾನ್ಯ ಜನರೂ ಹೆಸರು ಕೊಳ್ಳತೊಡಗಿದರು, ಆದರೆ ನಿಯಮ ಹಳೆಯದೇ ಉಳಿಯಿತು. ಉಪ್ಪಿನಕಾಯಿ ಮಾರುವವಳಿಗೆ ಕಚೇರಿ ಎಲ್ಲಿಂದ ಬರಬೇಕು? ಅವಳ ಅಡುಗೆಮನೆಯ ವಿಳಾಸವೇ ಜಗತ್ತಿಗೆಲ್ಲ ತೆರೆದಿಟ್ಟ ಪುಟವಾಯಿತು. ಆಮೇಲೆ ಕೆಲವು ಕಂಪನಿಗಳು ಹಣ ಪಡೆದು, ನಿಮ್ಮ ವಿಳಾಸದ ಜಾಗದಲ್ಲಿ ತಮ್ಮದನ್ನು ಹಾಕಲು ಮುಂದೆ ಬಂದವು. ನಮ್ಮ ಬಾಗಿಲಿಗೆ ನಾವು ಪರದೆ ಹಾಕಿಕೊಳ್ಳಲು ಬಾಡಿಗೆ!

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು 2012ರಲ್ಲಿ ಗಂಡನ ಹೊಡೆತ ತಾಳದೆ ಬೇರೆ ಊರಿಗೆ ಹೋಗಿ, ರವಿಕೆ ಕಸೂತಿಯ ಕೆಲಸಕ್ಕೆಂದು ಒಂದು ಡಾಟ್ ಇನ್ ಹೆಸರು ಕೊಂಡಳು. ಮಾರಿದ ಕಂಪನಿ ಮನೆಯ ವಿಳಾಸ ಬರೆಸಿಕೊಂಡಿತು, ಅದು ಯಾರಿಗೆಲ್ಲ ಕಾಣುತ್ತದೆಂದು ಹೇಳಲಿಲ್ಲ. ವಾರದೊಳಗೆ ವೆಬ್‌ಸೈಟ್ ಮಾಡಿಕೊಡುತ್ತೇವೆಂದು ಅಪರಿಚಿತರ ಫೋನುಗಳು. “ಟೀಚರ್, ಇವರಿಗೆ ಸಿಕ್ಕಿದ್ದು ಅವರಿಗೂ ಸಿಗುತ್ತದಲ್ವಾ?” ಎಂದು ಕೇಳಿದಳು. ಡಾಟ್ ಇನ್ ಹೆಸರುಗಳಿಗೆ ಪರದೆಯ ಸೇವೆಗೂ ಅವಕಾಶವಿರಲಿಲ್ಲ. ಕೊನೆಗೆ ಅಣ್ಣನ ಅಂಗಡಿಯ ವಿಳಾಸ ಹಾಕಿಸಿದಳು.

2018ರ ಮೇ 25ರಂದು ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂತು. ಡಾಟ್ ಕಾಮ್‌ನಂಥ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ, ಅದಕ್ಕೆ ಎಂಟು ದಿನ ಮುಂಚೆ, ತರಾತುರಿಯಲ್ಲಿ ತಾತ್ಕಾಲಿಕ ನಿಯಮ ಮಾಡಿತು. ವಂಚಕರನ್ನು ಹಿಡಿಯುವುದು ಕಷ್ಟವಾಯಿತೆಂಬ ದೂರೂ ಇದೆ, ಅದನ್ನು ತಳ್ಳಿಹಾಕಲಾಗದು. ಆದರೂ ಕಾರಣ ಹೇಳಿ ಕೇಳುವುದಕ್ಕೂ ಕೇಳದೆಯೇ ಇಣುಕುವುದಕ್ಕೂ ವ್ಯತ್ಯಾಸವಿದೆಯಷ್ಟೆ. 2025ರ ಜನವರಿಯಲ್ಲಿ ಡಾಟ್ ಕಾಮ್‌ನಂಥ ಹೆಸರುಗಳಿಗೆ ‘ಹೂ ಈಸ್’ ಕಡ್ಡಾಯವೂ ತಪ್ಪಿ, ಬೇರೆ ವ್ಯವಸ್ಥೆ ಬಂತು.

ಈಗ ನನ್ನ ಹುಡುಗಿಯ ಡಾಟ್ ಇನ್ ಹೆಸರನ್ನು ಹುಡುಕಿದರೂ ರಾಜ್ಯ, ದೇಶ ಕಾಣುತ್ತವೆ, ಬೀದಿ ಕಾಣುವುದಿಲ್ಲ. ಹಳೆಯ ದಾಖಲೆಗಳನ್ನು ನಕಲು ಮಾಡಿಟ್ಟುಕೊಂಡು ಮಾರುವ ಕಂಪನಿಗಳಿವೆ ಎಂದು ತಿಳಿದ ಮೇಲೆ ಅವಳು ಮನೆಯನ್ನೂ ಬದಲಾಯಿಸಿದಳು.