ಕಾಗದ ಪತ್ರಗಳಲ್ಲಿ ಉಳಿದ ಒಂದು ಮನೆತನ



ಇತಿಹಾಸವೆಂದರೆ ಅರಸರ ಯುದ್ಧಗಳು ಮತ್ತು ಇಸವಿಗಳು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಆದರೆ ಊರು ಬಿಟ್ಟು ಸಮುದ್ರ ದಾಟಿದ ಒಂದು ಕುಟುಂಬದ ಕಥೆಯೂ ಇತಿಹಾಸವೇ. ಮುನ್ನೂರು ವರ್ಷಗಳ ಹಿಂದೆ ವಲಸೆ ಹೋದವರ ವಂಶಾವಳಿಯನ್ನು, ಅಂದರೆ ಶಜರಾವನ್ನು, ಇಂದು ಪತ್ತೆಹಚ್ಚುವುದು ಹೇಗೆ? ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದ ಕ್ಯಾರಲ್ ಮನೆತನವನ್ನು ಉದಾಹರಣೆಯಾಗಿ ನೋಡೋಣ.

ಈ ಮನೆತನದ ಮೂಲಪುರುಷ ಚಾರ್ಲ್ಸ್ ಕ್ಯಾರಲ್. ಜಮೀನು ಕಳೆದುಕೊಂಡಿದ್ದ ಹಳೆಯ ಕ್ಯಾಥೊಲಿಕ್ ಕುಲದವನು. ಲಂಡನ್ನಿನಲ್ಲಿ ಕಾನೂನು ಓದಿ, 1688ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡ್ ವಸಾಹತಿಗೆ ಅಟಾರ್ನಿ ಜನರಲ್ ಆಗಿ ಬಂದನು. ಮರುವರ್ಷವೇ ಅಲ್ಲಿ ಪ್ರಾಟೆಸ್ಟೆಂಟರು ಬಂಡೆದ್ದು ಆಡಳಿತವನ್ನು ವಶಪಡಿಸಿಕೊಂಡರು. ಕ್ಯಾರಲ್‌ನ ಹುದ್ದೆ ಹೋಯಿತು. ಆದರೂ ವಕೀಲಿ, ವ್ಯಾಪಾರ ಮತ್ತು ಜಮೀನಿನಿಂದ ಬೆಳೆದನು. 1720ರಲ್ಲಿ ತೀರಿಕೊಂಡಾಗ ಅವನ ಬಳಿ ಸುಮಾರು 47 ಸಾವಿರ ಎಕರೆ ಭೂಮಿಯಿತ್ತು.

ಇಂತಹವರ ಮೂಲವನ್ನು ಹುಡುಕುವುದು ಸುಲಭವಲ್ಲ. 1922ರ ಜೂನ್‌ನಲ್ಲಿ ಐರ್ಲೆಂಡಿನ ಅಂತರ್ಯುದ್ಧದ ವೇಳೆ ಡಬ್ಲಿನ್ ನಗರದ ದಾಖಲೆ ಭಂಡಾರ ಸುಟ್ಟುಹೋಯಿತು. ಅಲ್ಲಿದ್ದ ಶತಮಾನಗಳ ಮರಣಪತ್ರಗಳು ಬಹುಪಾಲು ಬೂದಿಯಾದವು. ಇತ್ತ ಅಮೆರಿಕದಲ್ಲಿ 1819ರ ಕಾನೂನು ಬರುವವರೆಗೆ ಎಲ್ಲಾ ಬಂದರುಗಳಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿ ಕಡ್ಡಾಯವಾಗಿರಲಿಲ್ಲ. ಜೊತೆಗೆ ಹೆಸರಿನ ತೊಡಕು ಬೇರೆ. ಐರಿಷ್ ಭಾಷೆಯ 'ಓ ಕ್ಯಾರಲ್' ಇಂಗ್ಲಿಷ್ ಕಾಗದಗಳಲ್ಲಿ ಬರೀ 'ಕ್ಯಾರಲ್' ಆಯಿತು.

ಹಾಗಾದರೆ ಸುಳಿವು ಎಲ್ಲಿ ಸಿಗುತ್ತದೆ? ಜಮೀನಿನ ಪತ್ರಗಳಲ್ಲಿ! ಮೇರಿಲ್ಯಾಂಡಿನಲ್ಲಿ ಪ್ರತಿಯೊಂದು ಜಮೀನಿಗೂ ಹೆಸರಿಡುವ ಪದ್ಧತಿಯಿತ್ತು. ಕ್ಯಾರಲ್ ತನ್ನ ಜಮೀನುಗಳಿಗೆ 'ಈಲಿ ಓ ಕ್ಯಾರಲ್', 'ಲಿಟರ್‌ಲೂನಾ' ಎಂದು ಹೆಸರಿಟ್ಟನು. ಮೊದಲನೆಯದು ಐರ್ಲೆಂಡಿನಲ್ಲಿ ಅವನ ಕುಲದವರು ಆಳಿದ ಸೀಮೆ, ಎರಡನೆಯದು ಅವನ ಊರು. ಕಳೆದುಹೋದ ನಾಡಿನ ನೆನಪು ಹೊಸ ನಾಡಿನ ಹಕ್ಕುಪತ್ರದಲ್ಲಿ ಉಳಿಯಿತು.

ಎರಡನೆಯ ಸುಳಿವು ಪತ್ರವ್ಯವಹಾರ. ಮೇರಿಲ್ಯಾಂಡಿನ 1704ರ ಕಾನೂನು ಕ್ಯಾಥೊಲಿಕರು ಮಕ್ಕಳಿಗೆ ಪಾಠ ಹೇಳುವುದನ್ನು ನಿಷೇಧಿಸಿತು. 1718ರಲ್ಲಿ ಅವರ ಮತದಾನದ ಹಕ್ಕೂ ಹೋಯಿತು. ಹೀಗಾಗಿ ಮೂಲಪುರುಷನ ಮೊಮ್ಮಗ, ಅವನೂ ಚಾರ್ಲ್ಸ್, 1748ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಓದಲು ಫ್ರಾನ್ಸಿಗೆ ಹೋಗಬೇಕಾಯಿತು. ಅವನು ಹಿಂದಿರುಗಿದ್ದು 1765ರಲ್ಲಿ. ಅಷ್ಟರಲ್ಲಿ, 1761ರಲ್ಲಿ, ಅವನ ತಾಯಿ ತೀರಿಹೋಗಿದ್ದರು. ಶಿಕ್ಷಣಕ್ಕಾಗಿ ಆ ಕುಟುಂಬ ತೆತ್ತ ಬೆಲೆ ಎಷ್ಟೆಂದು ಯೋಚಿಸಿ ನೋಡಿ. ಆ ವರ್ಷಗಳಲ್ಲಿ ತಂದೆ ಮಗ ಬರೆದುಕೊಂಡ ಪತ್ರಗಳು ಇಂದಿಗೂ ಉಳಿದಿವೆ. ಅದೇ ಮೊಮ್ಮಗ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕ್ಯಾಥೊಲಿಕ್. ಸಹಿ ಹಾಕಿದವರ ಪೈಕಿ ಕೊನೆಯವನಾಗಿ 1832ರಲ್ಲಿ, 95ನೇ ವಯಸ್ಸಿನಲ್ಲಿ ನಿಧನನಾದನು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಅನ್ಯಾಯವನ್ನು ಅನುಭವಿಸಿದ ಈ ಮನೆತನವೇ ನೂರಾರು ಆಫ್ರಿಕನ್ ಗುಲಾಮರ ಒಡೆತನ ಹೊಂದಿತ್ತು. 1773ರಲ್ಲಿ ತಮ್ಮ ಗುಲಾಮರ ಪಟ್ಟಿಯೊಂದನ್ನು ಅವರು ಕುಟುಂಬವಾರು, ವಯಸ್ಸಿನ ಸಮೇತ ಬರೆಸಿದರು. ಬರೆಸಿದ್ದು ಆಸ್ತಿಯ ಲೆಕ್ಕಕ್ಕಾಗಿ. ಆದರೆ ಗುಲಾಮರಾಗಿದ್ದ ಬಹುತೇಕ ಜನರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲ ಬಾರಿಗೆ ಬಂದದ್ದು 1870ರಲ್ಲಿ. ಆದ್ದರಿಂದ ಅಂತಹ ಪಟ್ಟಿಗಳೇ ಇಂದು ಅವರ ವಂಶಸ್ಥರಿಗೂ ಆಧಾರ. ಇನ್ನು ಹಡಗಿನ ಬಾಡಿಗೆಗಾಗಿ ನಾಲ್ಕರಿಂದ ಏಳು ವರ್ಷಗಳ ಕಾಲ ಕರಾರಿನ ಆಳಾಗಿ ದುಡಿದ ಸಾವಿರಾರು ಬಡ ಐರಿಷರ ಗುರುತು ಸಿಗುವುದು ಕರಾರುಪತ್ರ, ನ್ಯಾಯಾಲಯದ ಕಡತ ಮತ್ತು 'ಓಡಿಹೋದ ಆಳು' ಎಂಬ ಪತ್ರಿಕಾ ಜಾಹೀರಾತುಗಳಲ್ಲಿ.

ಆದುದರಿಂದ ನೀವು ಯಾವುದೇ ಮನೆತನದ ಜಾಡು ಹಿಡಿಯುವಾಗ ತಿಳಿದ ತಲೆಮಾರಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಹೆಸರು ಒಂದೇ ಎಂಬ ಮಾತ್ರಕ್ಕೆ ಸಂಬಂಧ ಕಟ್ಟಬೇಡಿ. ಊರು, ಇಸವಿ ಮತ್ತು ಜಮೀನು ತಾಳೆಯಾಗಬೇಕು. ದೊಡ್ಡವರ ಪತ್ರಗಳನ್ನು ಓದುವಾಗ ಅವರ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಿ. ತಮ್ಮ ಕಥೆಯನ್ನು ತಾವೇ ಬರೆದುಕೊಳ್ಳಲಾಗದವರ ಹೆಸರುಗಳು ಅಲ್ಲಿರುತ್ತವೆ.