ಆಶಾ ಕಾರ್ಯಕರ್ತೆಯರ ಮನೋಸ್ಥೈರ್ಯ: ಯಾವ ತಿಂಗಳಲ್ಲಿ ಅಳೆಯಬೇಕು?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರಿಗೆ ಒಂದೇ ಪ್ರಶ್ನಾವಳಿ ಕೊಟ್ಟು ಭಾವನಾತ್ಮಕ ಬುದ್ಧಿಮತ್ತೆ, ಮನೋಸ್ಥೈರ್ಯಗಳ ತಾಲ್ಲೂಕುವಾರು ಸರಾಸರಿ ತೆಗೆಯುವುದು ಸುಲಭ. ಆ ಸರಾಸರಿ ಅಳೆದದ್ದು ಏನನ್ನು ಎಂಬುದೇ ಈ ಟಿಪ್ಪಣಿಯ ವಿಷಯ.

ಮನೋವಿಜ್ಞಾನಿಗಳಾದ ಸ್ಯಾಲೊವಿ ಮತ್ತು ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯನ್ನು ವ್ಯಕ್ತಿಯ ಸಾಮರ್ಥ್ಯವೆಂದು ನಿರೂಪಿಸಿದರು. ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಮನೋಸ್ಥೈರ್ಯದ ಕಿರು ಮಾಪಕದಲ್ಲಿರುವುದು ಆರೇ ಹೇಳಿಕೆ. ಕಷ್ಟದ ನಂತರ ಎಷ್ಟು ಬೇಗ ಚೇತರಿಕೆ ಎಂಬುದು ಅವುಗಳ ತಿರುಳು. ಕಷ್ಟ ಮುಗಿದಿದೆ ಎಂದು ಮಾಪಕ ಮೊದಲೇ ಒಪ್ಪಿಕೊಂಡುಬಿಟ್ಟಿದೆ.

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದ ಮಾಡುವ ತಿಂಗಳುಗಳನ್ನು ನೋಡಿ. ಸೊಪ್ಪು ಹದ ಮಾಡುವ ಮನೆಯಾದ ಬ್ಯಾರನ್‌ಗೆ ಅದನ್ನು ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಆಶಾ ಕಾರ್ಯಕರ್ತೆ ಭೇಟಿ ಕೊಡುವ ಬಾಣಂತಿಯ ಮನೆಯವರಿಗೂ ನಿದ್ದೆಯಿಲ್ಲ. ಆಶಾ ಕಾರ್ಯಕರ್ತೆಯದು ಬೆಳೆಗಾರರ ಮನೆಯಾದರೆ ಆಕೆಗೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಆಕೆ ಕೊಡುವ ಉತ್ತರವೇ ಫೆಬ್ರವರಿಯಲ್ಲೂ ಬರುತ್ತದೆಂದು ನಂಬಲು ಕಾರಣ ಕಾಣೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ದುಡಿಮೆಯ ಒತ್ತಡ ಭತ್ತದ ನಾಟಿ, ಕೊಯ್ಲಿಗೆ ತಕ್ಕಂತೆ ಏರಿಳಿಯುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳದು ಋತು ನೋಡದ ಕಷ್ಟ: ಹೊತ್ತು ಮುಳುಗಿದರೆ ದಾರಿಯಲ್ಲಿ ಆನೆ. ಅಲ್ಲಿ ಅಳುಕುವವಳು ತನ್ನ ಊರನ್ನು ಸರಿಯಾಗಿ ಬಲ್ಲವಳು; ಅಂಕಪಟ್ಟಿ ಮಾತ್ರ ಆಕೆಯನ್ನು ಕೆಳಗಿಳಿಸೀತು.

ಇನ್ನೊಂದು ತೊಡಕು ಸಂಭಾವನೆಯದು. 2005ರಲ್ಲಿ ಆರಂಭವಾದ ಆಶಾ ಯೋಜನೆಯ ಕಡತಗಳಲ್ಲಿ ಕಾರ್ಯಕರ್ತೆ ಇಂದಿಗೂ ಸ್ವಯಂಸೇವಕಿ. ಪ್ರೋತ್ಸಾಹಧನ ಕೆಲಸದ ಲೆಕ್ಕಕ್ಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 42 ದಿನಗಳಲ್ಲಿ ಆರು ಭೇಟಿ, ಅದಕ್ಕೆ 250 ರೂಪಾಯಿ. ತೂಕ, ಜ್ವರ, ಎದೆಹಾಲು ಎಲ್ಲವೂ ನಮೂನೆಯಲ್ಲಿವೆ. ಅತ್ತೆಯ ಸಿಟ್ಟು ತಣಿಸಿದ್ದು, ಕೂಸು ಕಳೆದುಕೊಂಡವಳ ಪಕ್ಕ ಮಧ್ಯಾಹ್ನವೆಲ್ಲ ಕೂತದ್ದು ಯಾವ ಕಲಮಿನಲ್ಲೂ ಬಾರವು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ವಿಮಾನದ ಪರಿಚಾರಿಕೆಯರನ್ನು ಕುರಿತು ಬರೆಯುತ್ತ ಇಂಥದ್ದನ್ನು ಭಾವದ ದುಡಿಮೆ ಎಂದು ಗುರುತಿಸಿದ್ದರು. ಆ ಪರಿಚಾರಿಕೆಯರಿಗೆ ಸಂಬಳವಾದರೂ ಇತ್ತು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗ ಕೇಳಿದ್ದರಲ್ಲಿ ನಿಗದಿತ ಗೌರವಧನ ಮುಖ್ಯವಾದುದು. ಆ ಧರಣಿ ಚೇತರಿಕೆಯ ಕೊರತೆಯೋ ಅಥವಾ ಚೇತರಿಕೆಯೇ ಆ ರೂಪ ತಾಳಿದ್ದೋ? ಆರು ಹೇಳಿಕೆಗಳ ಮಾಪಕಕ್ಕೆ ಈ ವ್ಯತ್ಯಾಸ ಕಾಣದು. ನನ್ನ ಒಲವು ಎರಡನೆಯದರ ಕಡೆಗೆ.

ಹಾಗೆಂದು ಮಾಪಕವನ್ನೇ ಕೈಬಿಡಬೇಕಿಲ್ಲ. ಅದೇ ಕಾರ್ಯಕರ್ತೆಯರನ್ನು ಸೊಪ್ಪಿನ ಕಾಲದಲ್ಲೊಮ್ಮೆ, ಬೇಸಿಗೆಗೆ ಮುನ್ನ ಇನ್ನೊಮ್ಮೆ ಕೇಳಬೇಕು. ಹಾಡಿಗೆ ಹೋಗುವವರ ಅಂಕಗಳನ್ನು ಬೇರೆಯಾಗಿ ಇಡಬೇಕು. ವಯಸ್ಸು, ವಿದ್ಯಾಭ್ಯಾಸಗಳ ಕಲಮಿನ ಪಕ್ಕದಲ್ಲೇ ಮತ್ತೊಂದು ಪ್ರಶ್ನೆ ಸೇರಲಿ: ಕೈಸೇರಿದ ಕೊನೆಯ ಪ್ರೋತ್ಸಾಹಧನ ಯಾವ ತಿಂಗಳದ್ದು?