ಪಿನ್-ಅಪ್ ನಗೆಚಿತ್ರ ಎಂದರೇನು? ಚೆಲುವೆಯ ಚಿತ್ರದಲ್ಲಿ ನಗೆಪಾಟಲಾಗುವವರು ಯಾರು? ಇಲ್ಲಿದೆ ಮಾಹಿತಿ

ಮಯೂರ್ ವಿಹಾರ್ (ನವದೆಹಲಿ): ಪತ್ರಕರ್ತರ ಸಮಾಚಾರ್ ಅಪಾರ್ಟ್‌ಮೆಂಟ್ಸ್, ಕಲಾವಿದರ ಕಲಾ ವಿಹಾರ್ ಎರಡೂ ಇರುವ ಬಡಾವಣೆ ಪೂರ್ವ ದೆಹಲಿಯ ಮಯೂರ್ ವಿಹಾರ್. ಇಲ್ಲಿಂದ ಯಮುನೆ ದಾಟಿ ಹೋದರೆ ದರಿಯಾಗಂಜ್‌ನ ಹೆಸರಾಂತ ಭಾನುವಾರದ ಪುಸ್ತಕ ಸಂತೆ. ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ಈ ಸಂತೆ 2019ರಲ್ಲಿ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ಗೆ ಸ್ಥಳಾಂತರಗೊಂಡಿತು. ಇಂಥ ಕಡೆ 1950–60ರ ದಶಕದ ವಿದೇಶಿ ನಿಯತಕಾಲಿಕೆಗಳು ಕೈಗೆ ಸಿಕ್ಕರೆ ಅವುಗಳಲ್ಲಿ ಒಂದು ಬಗೆಯ ಚಿತ್ರ ಕಾಣಬಹುದು: ಮೈಮಾಟ ಎದ್ದು ಕಾಣುವ ಯುವತಿ, ಪಕ್ಕದಲ್ಲಿ ಪೆಚ್ಚಾಗಿ ನಿಂತ ಗಂಡಸು, ಕೆಳಗೆ ಒಂದೇ ಸಾಲಿನ ಮಾತು. ಇದೇ ಪಿನ್-ಅಪ್ ನಗೆಚಿತ್ರ.

ಕೆಲವರು ಇದನ್ನು ಅಶ್ಲೀಲ ಎಂದು ಬದಿಗಿಡುತ್ತಾರೆ, ಇನ್ನು ಕೆಲವರು ಅಪರೂಪದ ಕಲೆ ಎಂದು ಕೂಡಿಡುತ್ತಾರೆ. ಇದು ಹುಟ್ಟಿದ್ದು ಹೇಗೆ? ಭಾರತಕ್ಕೆ ಬಂದಾಗ ಏನಾಯಿತು? ಕನ್ನಡದ ಹಾಸ್ಯ ಪತ್ರಿಕೆ ಯಾವ ದಾರಿ ಹಿಡಿಯಿತು?

ಹೆಸರು ಬಂದದ್ದು ಹೀಗೆ

ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಪಿನ್ ಚುಚ್ಚಿ ಹಾಕಿಕೊಳ್ಳುವ ಚಿತ್ರಕ್ಕೆ ಪಿನ್-ಅಪ್ ಎಂಬ ಹೆಸರು ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಬ್ಯಾರಕ್‌ಗಳಲ್ಲಿ ಇಂಥ ಚಿತ್ರಗಳು ಸಾಮಾನ್ಯವಾಗಿದ್ದವು. ಗ್ಯಾಗ್ ಎಂದರೆ ಒಂದೇ ಏಟಿಗೆ ಮುಗಿಯುವ ಜೋಕು. ಇವೆರಡೂ ಸೇರಿದ್ದೇ ಪಿನ್-ಅಪ್ ನಗೆಚಿತ್ರ.

1933ರಲ್ಲಿ ಆರಂಭವಾದ ಎಸ್ಕ್ವೈರ್ ಪತ್ರಿಕೆ ಈ ಪ್ರಕಾರಕ್ಕೆ ದೊಡ್ಡ ವೇದಿಕೆಯಾಯಿತು. ಅದರ ಮೊದಲ ವರ್ಷಗಳ ಪ್ರಮುಖ ಚಿತ್ರಕಾರ ಇ. ಸಿಮ್ಸ್ ಕ್ಯಾಂಪ್‌ಬೆಲ್ ಆಫ್ರಿಕನ್ ಅಮೆರಿಕನ್ ಕಲಾವಿದ ಎಂಬುದು ವಿಶೇಷ. ವರ್ಣಭೇದ ಬಲವಾಗಿದ್ದ ದಿನಗಳಲ್ಲಿ ದೇಶದ ಮುಖ್ಯವಾಹಿನಿ ಪತ್ರಿಕೆಯೊಂದರಲ್ಲಿ ಅವರ ಚಿತ್ರಗಳು ನಿಯಮಿತವಾಗಿ ಅಚ್ಚಾಗುತ್ತಿದ್ದವು.

1950ರ ದಶಕದಲ್ಲಿ ಏಬ್ ಗುಡ್‌ಮನ್ ಅವರ ಹ್ಯೂಮರಾಮಾ ಸಂಸ್ಥೆ ಅಗ್ಗದ ಕಿರು ಪುಸ್ತಕಗಳ ರೂಪದಲ್ಲಿ ಇಂಥ ಚಿತ್ರಗಳನ್ನು ರಾಶಿ ರಾಶಿಯಾಗಿ ಮಾರಿತು. ಇವರ ಸಹೋದರ ಮಾರ್ಟಿನ್ ಗುಡ್‌ಮನ್ ಕಟ್ಟಿದ ಕಂಪನಿಯೇ ಮುಂದೆ ಮಾರ್ವೆಲ್ ಕಾಮಿಕ್ಸ್ ಆಯಿತು. ಹ್ಯೂಮರಾಮಾಕ್ಕೆ ಬರೆದವರಲ್ಲಿ ಬಿಲ್ ವಾರ್ಡ್, ಬಿಲ್ ವೆನ್ಜೆಲ್ ಮತ್ತು ಡಾನ್ ಡಿಕಾರ್ಲೊ ಪ್ರಮುಖರು. ಭಾರತದ ಓದುಗರಿಗೂ ಪರಿಚಿತವಾದ ಆರ್ಚಿ ಕಾಮಿಕ್ಸ್‌ನ ಬೆಟ್ಟಿ, ವೆರೋನಿಕಾ ಪಾತ್ರಗಳಿಗೆ ಜನಪ್ರಿಯ ರೂಪ ಕೊಟ್ಟವರು ಇದೇ ಡಿಕಾರ್ಲೊ.

ಚಿತ್ರ ಒಂದು ಕಡೆ, ನಗೆ ಇನ್ನೊಂದು ಕಡೆ

ಇಲ್ಲಿ ಕಥೆ ಬೆಳೆಸಲು ಜಾಗವಿಲ್ಲ. ಒಂದೇ ಚೌಕಟ್ಟಿನಲ್ಲಿ ಸ್ಥಳ, ಪಾತ್ರ, ಸಂಬಂಧ ಎಲ್ಲವೂ ತಿಳಿಯಬೇಕು. ಕೆಳಗಿನ ಮಾತು ಯಾರದು ಎಂದು ತೋರಿಸಲು ಸಾಮಾನ್ಯವಾಗಿ ಒಬ್ಬರ ಬಾಯಿಯನ್ನು ಮಾತ್ರ ತೆರೆದಂತೆ ಬರೆಯುತ್ತಾರೆ. ಬಿಲ್ ವಾರ್ಡ್ ಕಾಂಟೆ ಎಂಬ ಗಟ್ಟಿ ಬಳಪದಿಂದ ರೇಷ್ಮೆ ಬಟ್ಟೆಯ ಹೊಳಪನ್ನು ತಂದರೆ, ಪ್ಲೇಬಾಯ್‌ಗೆ ಬರೆದ ಜಾಕ್ ಕೋಲ್ ಜಲವರ್ಣ ಬಳಸಿದರು.

ಈ ಚಿತ್ರಗಳಲ್ಲಿ ರೇಖೆ ಮತ್ತು ಮಾತು ಬೇರೆ ಬೇರೆ ಕೆಲಸ ಮಾಡುತ್ತವೆ. ರೇಖೆ ಹೆಣ್ಣಿನ ಮೇಲೆ ಕಣ್ಣು ನಿಲ್ಲಿಸುತ್ತದೆ. ಆದರೆ ಪೆದ್ದು ಯಾರು ಎಂದು ತೀರ್ಮಾನಿಸುವುದು ಮಾತು. ಸುಲಭದ ಜೋಕಿನಲ್ಲಿ ಆಕೆ ಬುದ್ಧಿ ಇಲ್ಲದವಳು ಅಥವಾ ದುಡ್ಡಿಗೆ ಬಾಯಿ ಬಿಡುವವಳು. ಒಳ್ಳೆಯ ಜೋಕಿನಲ್ಲಿ ಬಾಯಿ ಬಿಟ್ಟು ನೋಡುತ್ತಿರುವ ಗಂಡಸೇ ಕೋಡಂಗಿ. ಇಡೀ ಪ್ರಕಾರವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು ಎನ್ನುವುದಕ್ಕೆ ಕಾರಣ ಇದೇ.

ಮಿಸ್ ಫೊನ್ಸೆಕಾ ಬಂದಳು

ಭಾರತದಲ್ಲಿ ಈ ಪ್ರಕಾರಕ್ಕೆ ತೀರಾ ಹತ್ತಿರ ಬಂದವರು ಮಾರಿಯೊ ಮಿರಾಂಡಾ. 1926ರಲ್ಲಿ ದಮನ್‌ನಲ್ಲಿ ಹುಟ್ಟಿದ ಈ ಗೋವಾ ಕಲಾವಿದ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯಲ್ಲಿ. ಮುಂಬೈನ ಕರೆಂಟ್, ಇಲಸ್ಟ್ರೇಟೆಡ್ ವೀಕ್ಲಿ ಮೊದಲಾದ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ಸಿನಿಮಾ ತಾರೆ ಮಿಸ್ ನಿಂಬುಪಾನಿ, ಆಫೀಸಿನ ಕಾರ್ಯದರ್ಶಿ ಮಿಸ್ ಫೊನ್ಸೆಕಾ ಅವರ ಹೆಸರಾಂತ ಪಾತ್ರಗಳು.

ಇಬ್ಬರ ಮೈಮಾಟವೂ ಪಿನ್-ಅಪ್ ಮಾದರಿಯದ್ದೇ. ಆದರೆ ಮಾರಿಯೊ ಚೌಕಟ್ಟಿನಲ್ಲಿ ಅವರೊಬ್ಬರೇ ಇರುವುದಿಲ್ಲ. ಬಾಸ್, ಗುಮಾಸ್ತ ಗೋಡ್ಬೋಲೆ, ರಾಜಕಾರಣಿ ಬಂಡಲ್‌ದಾಸ್ ಇವರೆಲ್ಲ ಒಂದೇ ಲೋಕದವರು. ಬಂಡಲ್‌ದಾಸ್ ಎಂಬ ಹೆಸರೇ ಸಾಕು, ವ್ಯಂಗ್ಯ ಯಾರತ್ತ ಎಂದು ತಿಳಿಯಲು. ಹೀಗೆ ವಿದೇಶಿ ಅಚ್ಚಿನ ಬೆಡಗಿ ಇಲ್ಲಿಗೆ ಬಂದಾಗ ನಗೆ ಆಫೀಸಿನ ದರ್ಪ, ಸಿನಿಮಾ ಬೆರಗು ಮತ್ತು ರಾಜಕೀಯದ ಬೂಟಾಟಿಕೆಯ ಕಡೆಗೂ ತಿರುಗಿತು. ಮಾರಿಯೊ 2011ರ ಡಿಸೆಂಬರ್ 11ರಂದು ನಿಧನರಾದರು. 2012ರಲ್ಲಿ ಮರಣೋತ್ತರವಾಗಿ ಅವರಿಗೆ ಪದ್ಮವಿಭೂಷಣ ನೀಡಲಾಯಿತು.

ಕನ್ನಡದ ಕೊರವಂಜಿ ನೋಡಿಸಿಕೊಂಡವಳಲ್ಲ

ಅಮೆರಿಕದಲ್ಲಿ ಪಿನ್-ಅಪ್ ಭರಾಟೆ ಜೋರಾಗಿದ್ದ 1942ರಲ್ಲೇ ಡಾ. ಎಂ. ಶಿವರಾಂ (ರಾಶಿ) ಬೆಂಗಳೂರಿನಲ್ಲಿ ಹಾಸ್ಯ ಮಾಸಿಕವೊಂದನ್ನು ಆರಂಭಿಸಿದರು. ಹೆಸರು ಕೊರವಂಜಿ. ಕೈ ನೋಡಿ ಕಣಿ ಹೇಳುವ ಹೆಂಗಸು ಆಕೆ. ಕಂಡದ್ದನ್ನು ಮುಖಕ್ಕೆ ಹೇಳುವುದು ಅವಳ ಕಸುಬು. ಅಂದರೆ ಕನ್ನಡದ ಈ ನಗೆಪತ್ರಿಕೆಯಲ್ಲಿ ಹೆಣ್ಣು ಇರುವುದು ಜಗತ್ತನ್ನು ನೋಡಿ ಮಾತಾಡುವ ಜಾಗದಲ್ಲಿ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಇದಕ್ಕೆ ಚಿತ್ರ ಬರೆದಿದ್ದರು. 25 ವರ್ಷ ನಡೆದು 1967ರಲ್ಲಿ ಪತ್ರಿಕೆ ನಿಂತಿತು.

ಕುಂಚ ಹಿಡಿಯುವ ಜಾಗಕ್ಕೂ ಮುಂದೆ ಹೆಣ್ಣು ಬಂದಳು. ಬೆಂಗಳೂರಿನ ಮಾಯಾ ಕಾಮತ್ (1951–2001) ದಿನಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆದ ದೇಶದ ಕೆಲವೇ ಮಹಿಳೆಯರಲ್ಲಿ ಒಬ್ಬರು. ಅವರ ನೆನಪಿನಲ್ಲಿ ಬೆಂಗಳೂರಿನ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಪ್ರಶಸ್ತಿ ನೀಡುತ್ತಿದೆ.

ಕಾನೂನು ಏನು ಹೇಳುತ್ತದೆ?

1943ರಲ್ಲಿ ಅಮೆರಿಕದ ಅಂಚೆ ಇಲಾಖೆ ಎಸ್ಕ್ವೈರ್‌ಗೆ ಕೊಟ್ಟಿದ್ದ ರಿಯಾಯಿತಿ ದರವನ್ನು ಕಿತ್ತುಕೊಂಡಿತು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಭಿರುಚಿಯ ತೀರ್ಪುಗಾರಿಕೆ ಅಂಚೆ ಇಲಾಖೆಯ ಕೆಲಸವಲ್ಲ ಎಂಬ ನಿಲುವಿನಿಂದ ಪತ್ರಿಕೆಯ ಪರ ತೀರ್ಪು ನೀಡಿತು.

ಭಾರತದಲ್ಲಿ ಅಶ್ಲೀಲ ಪ್ರಕಟಣೆಗೆ ಅನ್ವಯಿಸುತ್ತಿದ್ದ ಐಪಿಸಿ ಸೆಕ್ಷನ್ 292 ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 294 ಆಗಿದೆ. ಮಹಿಳೆಯರ ಅಸಭ್ಯ ಚಿತ್ರಣ ತಡೆಗೆ 1986ರ ಪ್ರತ್ಯೇಕ ಕಾಯ್ದೆಯೂ ಇದೆ. ಇಂದಿನ ಸಮಾಜದ ಮಾನದಂಡದಲ್ಲಿ, ಸಂದರ್ಭ ಸಮೇತ ಚಿತ್ರವನ್ನು ನೋಡಬೇಕು ಎಂದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತು. ಬಾಸ್ ಮತ್ತು ಕಾರ್ಯದರ್ಶಿಯ ಜೋಕು ಆ ದಿನಗಳಲ್ಲಿ ಮಾಮೂಲಾಗಿತ್ತು. ಕೆಲಸದ ಸ್ಥಳದಲ್ಲಿ ಒಲ್ಲದವರ ಮೇಲೆ ಹೇರುವ ಲೈಂಗಿಕ ಛಾಯೆಯ ಮಾತು 2013ರ ಕಾಯ್ದೆಯ ಪ್ರಕಾರ ಕಿರುಕುಳ. ಅಂದು ಪುಟದಲ್ಲಿ ನಗಿಸಿದ್ದನ್ನು ಇಂದು ಆಫೀಸಿನಲ್ಲಿ ಆಡಿದರೆ ದೂರು ದಾಖಲಾಗಬಹುದು.

ಹಳೆಯ ಸಂಚಿಕೆ ಸಿಕ್ಕರೆ ಏನು ಮಾಡಬೇಕು?

* ಚಿತ್ರವನ್ನು ಕತ್ತರಿಸಬೇಡಿ. ಪುಟ ಬೇರೆಯಾದರೆ ದಿನಾಂಕ, ಪತ್ರಿಕೆಯ ಹೆಸರು, ಅಕ್ಕಪಕ್ಕದ ಬರಹ ಎಲ್ಲವೂ ಕಳೆದುಹೋಗುತ್ತವೆ.
* ಮೂಲೆಯಲ್ಲಿರುವ ಸಹಿ ಗುರುತಿಸಿ. ಎಷ್ಟೋ ಚಿತ್ರಕಾರರಿಗೆ ಉಳಿದಿರುವ ಗುರುತು ಅದೊಂದೇ.
* ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಇರುವುದರಿಂದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲು, ತೇವ ತಾಗದಂತೆ ಇಡಿ. ಸೆಲ್ಲೋಟೇಪ್ ಅಂಟಿಸಬೇಡಿ.
* ಮೊದಲು ಚಿತ್ರ ನೋಡಿ, ಆಮೇಲೆ ಸಾಲು ಓದಿ. ನಿಮಗೆ ನಗು ಬಂದದ್ದು ಆಕೆಯನ್ನು ಕಂಡೋ, ಆಕೆಯನ್ನು ನೋಡುತ್ತಾ ನಿಂತವನನ್ನು ಕಂಡೋ? ಆ ಚಿತ್ರ ಯಾವ ದರ್ಜೆಯದ್ದು ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.